ರೆಗ್ಯುಲೇಟರ್ ಕೊಳ್ಳಲಿರುವ ಮಹಾಶಯ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ನೇತ್ರಾಣಿ ದ್ವೀಪದ ಸುತ್ತ ಹವಳಗಳೂ ಬಗೆಬಗೆಯ ಮೀನುಗಳೂ ಇರುವುದರಿಂದ, ಆ ಸ್ಥಳವು ಸ್ಕೂಬಾ ಡೈವಿಂಗಿಗೆ, ಅಂದರೆ ಉಸಿರಾಟಕ್ಕೆ ಬೇಕಾದ ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ನೀರಿನೊಳಗೆ ಸಂಚರಿಸುವ ವಿದ್ಯೆಗೆ, ಹೆಸರಾಗಿದೆ. ಮಳೆಗಾಲ ಮುಗಿದು ಕಡಲು ತಿಳಿಯಾದ ಮೇಲೆ ವಾರಾಂತ್ಯಗಳಲ್ಲಿ ಬೆಂಗಳೂರಿನಿಂದ ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಬರುವವರಲ್ಲಿ ಬಹುಪಾಲು ಮಂದಿ ಒಮ್ಮೆ ಮುಳುಗಿ, ಎರಡು ಬೆರಳೆತ್ತಿ ಫೋಟೊ ತೆಗೆಸಿಕೊಂಡು, ಮೀನೂಟ ಮಾಡಿ ಊರಿಗೆ ಮರಳಿ ಆ ವಿಷಯವನ್ನು ಮರೆಯುತ್ತಾರೆ. ಕೆಲವರು ಕ್ರಮವಾಗಿ ತರಬೇತಿ ಪಡೆದು ಡೈವರ್ ಆಗುತ್ತಾರೆ. ಈ ಎರಡು ವರ್ಗಗಳ ನಡುವೆ ಮೂರನೆಯದೊಂದು ವರ್ಗ ಬೆಳೆದುಬಂದಿದ್ದು, ಅದರ ಲಕ್ಷಣಗಳನ್ನು ಶಾಸ್ತ್ರೀಯವಾಗಿ ಗುರುತಿಸುವ ಅಗತ್ಯವಿದೆ. ಈ ವರ್ಗದವನು ಡೈವಿಂಗ್ ಮಾಡುವವನೂ ಅಲ್ಲ, ಬಿಟ್ಟವನೂ ಅಲ್ಲ, ರೆಗ್ಯುಲೇಟರ್ ಕೊಳ್ಳಲಿರುವವನು.

ಮೊದಲ ಡೈವಿನಲ್ಲಿ ತರಬೇತುದಾರನು ಹಿಂದಿನಿಂದ ಸಿಲಿಂಡರಿನ ಕತ್ತನ್ನು ಹಿಡಿದೇ ಇರುವುದರಿಂದ, ಮತ್ತು ಈ ಬಗೆಯ ಪರಿಚಯದ ಡೈವಿಗೆ 12 ಮೀಟರ್ ಆಳವೇ ಕಡೆಯ ಮಿತಿಯಾಗಿರುವುದರಿಂದ, ಉಸಿರಾಡುವುದನ್ನು ಬಿಟ್ಟರೆ ಈತನಿಗೆ ಬೇರೆ ಕೆಲಸವಿರುವುದಿಲ್ಲ. ಆ ಒಂದು ಕೆಲಸವೂ ನೆಟ್ಟಗೆ ಸಾಗದೆ, ಬಾಯಿ ಒಣಗಿಸಿಕೊಂಡು, ದವಡೆ ನೋಯಿಸಿಕೊಂಡು ಅರ್ಧಕ್ಕೇ ಮೇಲೆ ಬಂದವನಿಗೆ, ದೋಷವು ತನ್ನಲ್ಲಿರದೆ ಬಾಡಿಗೆಯ ರೆಗ್ಯುಲೇಟರಿನಲ್ಲಿದೆ ಎಂಬ ಜ್ಞಾನೋದಯ ದೋಣಿಯ ಅಂಚಿನಲ್ಲೇ ಆಗುತ್ತದೆ. ಸಿಲಿಂಡರಿಗೆ ತುಂಬುವಾಗಲೇ ಗಾಳಿಯ ತೇವವನ್ನು ತೆಗೆದಿರುವ ಕಾರಣ ಬಾಯಿ ಎಲ್ಲರದೂ ಒಣಗುತ್ತದೆ, ಹೆದರಿ ಹಲ್ಲು ಕಚ್ಚಿದವನ ದವಡೆ ಯಾವ ಯಂತ್ರ ಕೊಟ್ಟರೂ ನೋಯುತ್ತದೆ ಎಂದು ವಿವರಿಸುವಷ್ಟು ಪುರುಸೊತ್ತು ತರಬೇತುದಾರನಿಗೆ ಇರುವುದಿಲ್ಲ. ಮುಂದಿನ ಗಿರಾಕಿ ಆಗಲೇ ಕಾಲು ಇಳಿಬಿಟ್ಟು ಕುಳಿತಿರುತ್ತಾನೆ.

ಇಲ್ಲಿ ರೆಗ್ಯುಲೇಟರ್ ಎಂದರೇನೆಂಬುದನ್ನು ಹೇಳಿಬಿಡುವುದು ಒಳ್ಳೆಯದು. ಡೈವರನ ಸಿಲಿಂಡರಿನಲ್ಲಿ ಗಾಳಿಯನ್ನು ಸಾಮಾನ್ಯವಾಗಿ 200 ಬಾರ್, ಅಂದರೆ ಹೆಚ್ಚುಕಡಿಮೆ ಭೂಮಿಯ ಮೇಲಿನ ವಾತಾವರಣದ 200 ಪಟ್ಟು ಒತ್ತಡದಲ್ಲಿ ತುಂಬಿರುತ್ತಾರೆ. ಅದನ್ನು ನೇರವಾಗಿ ಬಾಯಿಗೆ ಬಿಟ್ಟರೆ ಶ್ವಾಸಕೋಶ ಉಳಿಯುವುದಿಲ್ಲ. ಇತ್ತ ನೀರಿನೊಳಗೆ ಪ್ರತಿ 10 ಮೀಟರಿಗೆ ಒಂದು ಬಾರಿನಷ್ಟು ಒತ್ತಡ ಏರುತ್ತ ಎದೆಯನ್ನು ಅಮುಕುವುದರಿಂದ, ಆಯಾ ಆಳದ ಒತ್ತಡಕ್ಕೆ ಸರಿಸಮನಾದ ಗಾಳಿ ಒದಗದಿದ್ದರೆ ಉಸಿರೆಳೆಯಲಾಗುವುದಿಲ್ಲ. ಅಡುಗೆಮನೆಯ ಗ್ಯಾಸ್ ಸಿಲಿಂಡರಿನ ಮೇಲೆ ಕೂತಿರುವ ರೆಗ್ಯುಲೇಟರು ಒಳಗಿನ ಒತ್ತಡವನ್ನು ಒಲೆಗೆ ತಕ್ಕಂತೆ ಇಳಿಸುವ ಹಾಗೆಯೇ ಇದೂ ಇಳಿಸುತ್ತದೆ, ಆದರೆ ಎರಡು ಹಂತಗಳಲ್ಲಿ. ಸಿಲಿಂಡರಿಗೆ ಬಿಗಿಯುವ ಲೋಹದ ಗಂಟಾದ ಫಸ್ಟ್ ಸ್ಟೇಜ್ ಒತ್ತಡವನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 9–10 ಬಾರಿನಷ್ಟು ಮಾತ್ರ ಹೆಚ್ಚಿರುವ ಮಟ್ಟಕ್ಕೆ ಇಳಿಸಿ ನಿಲ್ಲಿಸುತ್ತದೆ. ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್, ಉಸಿರೆಳೆದಾಗ ಒಳಸರಿಯುವ ರಬ್ಬರ್ ಪೊರೆಯೊಂದರ ನೆರವಿನಿಂದ, ಕೇಳಿದಾಗ ಮಾತ್ರ, ಕೇಳಿದಷ್ಟು ಗಾಳಿ ಕೊಡುತ್ತದೆ. ಬಿಟ್ಟ ಉಸಿರು ಕೆಳಗಿನ ಇನ್ನೊಂದು ತೆಳು ರಬ್ಬರ್ ಕವಾಟದಿಂದ ಗುಳ್ಳೆಯಾಗಿ ಹೊರಹೋಗುತ್ತದೆ. ಇವುಗಳ ಜೊತೆಗೆ, ಸಂಗಡಿಗನ ಗಾಳಿ ಮುಗಿದರೆ ಕೊಡಲೆಂದು ಇರುವ ಆಕ್ಟೋಪಸ್ ಎಂಬ ಹಳದಿ ಬಣ್ಣದ ಹೆಚ್ಚುವರಿ ಸೆಕೆಂಡ್ ಸ್ಟೇಜೂ, ಉಳಿದಿರುವ ಗಾಳಿಯನ್ನು ತೋರಿಸುವ ಮಾಪಕವೂ ಸೇರಿದರೆ ಸಂಸಾರ ಪೂರ್ಣವಾಗುತ್ತದೆ.

ಗ್ಯಾಸಿನ ಹೋಲಿಕೆಗೆ ಚರಿತ್ರೆಯ ಆಧಾರವೂ ಇದೆ. ಯುದ್ಧಕಾಲದ ಫ್ರಾನ್ಸಿನಲ್ಲಿ ಪೆಟ್ರೋಲು ಸಿಗದೆ ಕಾರುಗಳನ್ನು ಗ್ಯಾಸಿನಿಂದ ಓಡಿಸಬೇಕಾಗಿ ಬಂದಾಗ ಅದಕ್ಕೆಂದು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರು ಸಿದ್ಧಪಡಿಸಿದ್ದ ಕವಾಟವನ್ನೇ ನೌಕಾಪಡೆಯ ಅಧಿಕಾರಿ ಝಾಕ್ ಕುಸ್ತೊ ಡೈವಿಂಗಿಗೆ ಒಗ್ಗಿಸಿಕೊಳ್ಳಲು ಯೋಚಿಸಿ, 1943ರಲ್ಲಿ ಅವರಿಬ್ಬರೂ ಸೇರಿ ಆಕ್ವಾ-ಲಂಗ್ ಎಂಬ ಉಪಕರಣವನ್ನು ರೂಪಿಸಿದರು. ಈ ವಿವರವು ರೆಗ್ಯುಲೇಟರ್ ಕೊಳ್ಳಲಿರುವವನಿಗೆ ಕಂಠಪಾಠವಾಗಿರುತ್ತದೆ. ಮನೆಯಲ್ಲಿ ಗ್ಯಾಸ್ ಮುಗಿದು ಹೊಸ ಸಿಲಿಂಡರ್ ಜೋಡಿಸಲು ಹೆಂಡತಿ ಕರೆದ ಸಂದರ್ಭದಲ್ಲಿ, ಒಲೆಯ ಮೇಲೆ ಅರ್ಧ ಬೆಂದ ಸಾರು ಕಾಯುತ್ತಿರುವಂತೆಯೇ, ಆತನು ಅದನ್ನು ಪೂರ್ತಿಯಾಗಿ ನಿರೂಪಿಸಿದ ಉದಾಹರಣೆಗಳಿವೆ.

ಆಯ್ಕೆಯ ಕಾರ್ಯಕ್ಕಾಗಿ ಈತನು ಎಕ್ಸೆಲ್ಲಿನಲ್ಲಿ ಒಂದು ಪಟ್ಟಿ ತೆರೆಯುತ್ತಾನೆ. ಮೊದಲಿಗೆ ಬೆಲೆ, ತೂಕ ಎಂಬ ಎರಡೇ ಕಾಲಮ್ಮುಗಳಿದ್ದ ಅದು ಕ್ರಮೇಣ ಪರದೆಯನ್ನು ಮೀರಿ ಬಲಕ್ಕೆ ಬೆಳೆಯುತ್ತದೆ. ಫಸ್ಟ್ ಸ್ಟೇಜಿನೊಳಗೆ ಪಿಸ್ಟನ್ ಇರಬೇಕೋ ಡಯಾಫ್ರಮ್ ಎಂಬ ಪೊರೆ ಇರಬೇಕೋ ಎಂಬುದು ಈ ವರ್ಗದವರಲ್ಲಿ ದ್ವೈತಾದ್ವೈತದಷ್ಟೇ ಗಂಭೀರ ಜಿಜ್ಞಾಸೆಯಾಗಿದ್ದು, ಮೊದಲನೆಯದರಲ್ಲಿ ಚಲಿಸುವ ಭಾಗಗಳು ಕಡಿಮೆ ಎಂಬುದೂ, ಎರಡನೆಯದರಲ್ಲಿ ಉಪ್ಪುನೀರು ಯಂತ್ರದೊಳಕ್ಕೆ ಬರುವುದಿಲ್ಲ ಎಂಬುದೂ ಆಯಾ ಪಕ್ಷದ ಮುಖ್ಯ ವಾದಗಳು. ಅದು ಬಗೆಹರಿಯುವ ಮೊದಲೇ ಬ್ಯಾಲೆನ್ಸ್ಡ್ ಎಂಬ ಪದ ಎದುರಾಗುತ್ತದೆ: ಸಿಲಿಂಡರಿನ ಗಾಳಿ ಕಡಿಮೆಯಾಗುತ್ತ ಬಂದರೂ ಉಸಿರೆಳೆಯುವ ಶ್ರಮ ಬದಲಾಗದಂತೆ ಮಾಡಿದ ರಚನೆಗೆ ಆ ಹೆಸರು. ಹೊಸಬರಿಗೆ ಮೊದಲ ಪ್ರಮಾಣಪತ್ರದಿಂದ ದೊರೆಯುವ 18 ಮೀಟರ್ ಆಳದೊಳಗೆ ಈ ವ್ಯತ್ಯಾಸ ಅನುಭವಕ್ಕೆ ಬರುವುದು ಅಪರೂಪ. ಹಾಗೆಂದು ಹೇಳಿದವನನ್ನು ಈತನು ಕನಿಕರದಿಂದ ನೋಡುತ್ತಾನೆ.

ಎಲ್ಲಕ್ಕಿಂತ ಸ್ವಾರಸ್ಯದ್ದೆಂದರೆ ಚಳಿಯ ಪ್ರಶ್ನೆ. ಒತ್ತಡದ ಗಾಳಿ ಹಿಗ್ಗುವಾಗ ತಣ್ಣಗಾಗುವುದರಿಂದ, ನೀರು 10 ಡಿಗ್ರಿ ಸೆಲ್ಸಿಯಸ್ಸಿಗಿಂತ ತಂಪಾಗಿರುವ ಕಡೆಗಳಲ್ಲಿ ರೆಗ್ಯುಲೇಟರಿನೊಳಗೆ ಮಂಜುಗಟ್ಟಿ, ಕವಾಟ ತೆರೆದೇ ಉಳಿದು, ಗಾಳಿ ಭೋರೆಂದು ಹರಿದುಹೋಗುವ ಅಪಾಯವಿದ್ದು, ಅದನ್ನು ತಡೆಯಲು ನೀರು ತಾಗದಂತೆ ಮುಚ್ಚಿದ ವಿಶೇಷ ಮಾದರಿಗಳಿವೆ. ನಾರ್ವೆಯ ಕೊಲ್ಲಿಗಳಲ್ಲೋ ಹೆಪ್ಪುಗಟ್ಟಿದ ಸರೋವರದ ಕೆಳಗೋ ಇಳಿಯುವವರಿಗೆ ಇದು ಪ್ರಾಣದ ಪ್ರಶ್ನೆ. ನೇತ್ರಾಣಿಯ ನೀರಾದರೋ ಡೈವಿಂಗಿನ ತಿಂಗಳುಗಳಲ್ಲಿ ಸ್ನಾನಕ್ಕೆ ಹದವಾಗಿರುತ್ತದೆ. ಆದರೂ ಈತನ ಪಟ್ಟಿಯ ಮೊದಲ ಮೂರು ಸ್ಥಾನಗಳಲ್ಲಿ ಮಂಜುಗಡ್ಡೆಯ ಕೆಳಗೆ ಬಳಸಲು ಯೋಗ್ಯವಾದ ಮಾದರಿಗಳೇ ಇರುತ್ತವೆ. ಮುಂದೆ ಎಂದಾದರೂ ಐಸ್‌ಲ್ಯಾಂಡಿಗೆ ಹೋಗಬೇಕಾಗಿ ಬಂದರೆ ಮತ್ತೊಂದನ್ನು ಕೊಳ್ಳುವ ಖರ್ಚು ಉಳಿಯುತ್ತದೆ ಎಂಬುದು ಆತನು ಹೆಂಡತಿಗೆ ಕೊಡುವ ಲೆಕ್ಕ. ಆಕೆ ಮೊದಲು ಈಜು ಕಲಿಯುವ ಮಾತೆತ್ತುತ್ತಾಳೆ.

ಸಂಶೋಧನೆಯ ಅಂಗವಾಗಿ ಈತನು ಮುರುಡೇಶ್ವರದ ತರಬೇತುದಾರನಿಗೆ ಫೋನು ಮಾಡಿ, ಸ್ವಂತಕ್ಕೆ ಆತ ಬಳಸುವುದು ಯಾವ ಮಾದರಿಯೆಂದು ವಿಚಾರಿಸುವುದುಂಟು. ವರ್ಷಗಟ್ಟಲೆ ದಿನಕ್ಕೆರಡು ಬಾರಿ ಸಮುದ್ರಕ್ಕಿಳಿದ ಆ ಮನುಷ್ಯ ಗೂಟಕ್ಕೆ ತೂಗುಹಾಕಿದ್ದ ತನ್ನ ರೆಗ್ಯುಲೇಟರನ್ನು ತಿರುಗಿಸಿ ನೋಡಿ, ಹೆಸರು ಅಳಿಸಿಹೋಗಿರುವುದನ್ನು ಕಂಡು, “ಗಾಳಿ ಬರ್ತದೆ ಸರ್, ವರ್ಷಕ್ಕೊಮ್ಮೆ ಬಿಚ್ಚಿ ಸರ್ವಿಸ್ ಮಾಡಿಸ್ತೇನೆ” ಎನ್ನುತ್ತಾನೆ. ಹೊಸಬನು ತಿಳಿಯಬೇಕಾದ ವಿಷಯದ ಮುಕ್ಕಾಲು ಪಾಲು ಆ ಒಂದು ವಾಕ್ಯದಲ್ಲಿದ್ದರೂ, ಅದನ್ನು ತುಂಬಲು ತಕ್ಕ ಕಾಲಮ್ಮು ಇಲ್ಲದ್ದರಿಂದ ಅದು ದಾಖಲಾಗುವುದಿಲ್ಲ. ಯುರೋಪಿನ ಇಎನ್ 250 ಮಾನದಂಡವನ್ನು ದಾಟಿದ ಯಾವ ರೆಗ್ಯುಲೇಟರೂ ಹೊಸಬನ ಅಗತ್ಯಕ್ಕೆ ಸಾಕು. ಹತ್ತಿರದ ಊರಿನಲ್ಲಿ ಅದರ ಬಿಡಿಭಾಗ ಸಿಗುತ್ತದೆಯೇ, ಅದನ್ನು ಬಿಚ್ಚಿ ಜೋಡಿಸಲು ಬಲ್ಲವರು ಇದ್ದಾರೆಯೇ ಎಂಬುದೇ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಮುಖಕ್ಕೆ ಸರಿಯಾಗಿ ಕೂರುವ ಒಂದು ಮಾಸ್ಕನ್ನು ಕೊಳ್ಳುವುದು ಲೇಸು, ಏಕೆಂದರೆ ನೀರು ಸೋರುವ ಮಾಸ್ಕು ಹಾಳುಮಾಡಿದಷ್ಟು ಡೈವುಗಳನ್ನು ಅಗ್ಗದ ರೆಗ್ಯುಲೇಟರು ಹಾಳುಮಾಡಿರಲಾರದು. ಆದರೆ ಮಾಸ್ಕಿನಲ್ಲಿ ಪಾಂಡಿತ್ಯಕ್ಕೆ ಎಡೆಯಿಲ್ಲ.

ತನ್ನ ಪಟ್ಟಿಯ ಎಲ್ಲ ತರ್ಕಗಳಿಂದಲೂ ಮನೆಯವರನ್ನು ಒಪ್ಪಿಸಲಾಗದೆ ಈತನು ಸೋತ ಘಟ್ಟದಲ್ಲಿ, ಕಾರ್ಯಸಿದ್ಧಿಯು ಅನಿರೀಕ್ಷಿತ ದಿಕ್ಕಿನಿಂದ ಬರುತ್ತದೆ. ಬಾಡಿಗೆಯ ರೆಗ್ಯುಲೇಟರಿನ ಮೌತ್‌ಪೀಸು, ಅಂದರೆ ಹಲ್ಲುಗಳ ನಡುವೆ ಹಿಡಿಯುವ ರಬ್ಬರಿನ ತುಂಡು, ದಿನವೊಂದಕ್ಕೆ ಹಲವು ಬಾಯಿಗಳನ್ನು ಕಾಣುತ್ತದೆಂಬುದು ಮಾತಿನ ನಡುವೆ ತಾಯಿಯ ಕಿವಿಗೆ ಬಿದ್ದದ್ದೇ ತಡ, ಲೋಟವನ್ನು ತುಟಿಗೆ ಸೋಕಿಸದೆ ಎತ್ತಿ ನೀರು ಕುಡಿಯುವ ಆಕೆ, “ಯಾರ್ಯಾರದೋ ಎಂಜಲು ಬಾಯಿಗಿಟ್ಕೊಂಡ್ಯಾ? ಎಷ್ಟಾದ್ರೂ ಆಗ್ಲಿ, ಸ್ವಂತದ್ದು ತಗೋ” ಎಂದು ತೀರ್ಪು ಕೊಟ್ಟುಬಿಡುತ್ತಾಳೆ. ಸ್ವಂತದ್ದನ್ನು ಹೊಂದಲು ಇರುವ ಕಾರಣಗಳಲ್ಲಿ ಇದು ದುರ್ಬಲವಾದುದೇನೂ ಅಲ್ಲ. ಆದರೆ ಮೌತ್‌ಪೀಸನ್ನು ಹಿಡಿದಿಟ್ಟಿರುವುದು ಒಂದು ಪ್ಲಾಸ್ಟಿಕ್ ಕೇಬಲ್ ಟೈ ಮಾತ್ರವೆಂದೂ, ಅದನ್ನು ಕತ್ತರಿಸಿ ಸ್ವಂತ ಮೌತ್‌ಪೀಸನ್ನು ಸಿಕ್ಕಿಸಿಕೊಂಡರೆ ಎಂಜಲಿನ ಸಮಸ್ಯೆ ಅತಿ ಅಗ್ಗವಾಗಿ ಪರಿಹಾರವಾಗುತ್ತದೆಂದೂ ಚೆನ್ನಾಗಿ ಬಲ್ಲ ಮಗನು, ಆ ಸಂದರ್ಭದಲ್ಲಿ ಮೌನವನ್ನು ಆಶ್ರಯಿಸುತ್ತಾನೆ.

ಹೀಗೆ ಮಂಜೂರಾದ ರೆಗ್ಯುಲೇಟರು ಸಿಂಗಾಪುರದಿಂದ ಬರುವ ಭಾವಮೈದನ ಚೀಲದಲ್ಲಿ ಬೆಂಗಳೂರಿಗೆ ಆಗಮಿಸುವುದು ಸಾಮಾನ್ಯವಾಗಿ ಜೂನ್ ತಿಂಗಳಲ್ಲಿ. ಆಗ ಮಳೆಗಾಲದ ಕಡಲು ಉಕ್ಕುತ್ತಿದ್ದು ನೇತ್ರಾಣಿಯ ದೋಣಿಗಳು ನಿಂತಿರುತ್ತವೆ. ನಾಲ್ಕು ತಿಂಗಳು ಅದು ಬೀರುವಿನಲ್ಲಿ ರೇಷ್ಮೆ ಸೀರೆಗಳ ಪಕ್ಕ ವಾಸಿಸಿ, ಬಂದ ನೆಂಟರಿಗೆ ದರ್ಶನ ಕೊಟ್ಟು, ಆಯುಧಪೂಜೆಯ ದಿನ ಸ್ಕೂಟರಿನೊಂದಿಗೂ ಮಿಕ್ಸಿಯೊಂದಿಗೂ ಅರಿಶಿನ ಕುಂಕುಮ ಚೆಂಡುಹೂಗಳನ್ನು ಪಡೆಯುತ್ತದೆ. ಫಸ್ಟ್ ಸ್ಟೇಜಿನ ಗಾಳಿ ಸೇರುವ ಬಾಯಿಗೆ ಒಂದು ಕಣವೂ ಹೋಗಬಾರದೆಂದು ಈತನು ಅದರ ಧೂಳುಮುಚ್ಚಳವನ್ನು ಬಿಗಿದು, ತಾಯಿಯ ಕುಂಕುಮದ ಬೆರಳನ್ನು ಆಕ್ಟೋಪಸ್ಸಿನತ್ತ ತಿರುಗಿಸುತ್ತಾನೆ. ತಯಾರಕರಲ್ಲಿ ಅನೇಕರು ವರ್ಷಕ್ಕೊಮ್ಮೆ ಅಥವಾ 100 ಡೈವುಗಳಿಗೊಮ್ಮೆ, ಎರಡರಲ್ಲಿ ಯಾವುದು ಮೊದಲೋ ಆಗ, ಸರ್ವಿಸ್ ಆಗಬೇಕೆಂದು ವಿಧಿಸುತ್ತಾರೆ. ಓ-ರಿಂಗ್ ಎಂಬ ರಬ್ಬರ್ ಬಳೆಗಳಿಗೆ ಬೀರುವಿನಲ್ಲಿಯೂ ವಯಸ್ಸಾಗುತ್ತದೆ. ಆದುದರಿಂದ ಉಪ್ಪುನೀರನ್ನೇ ಕಾಣದೆ ಸರ್ವಿಸಿಗೆ ಹೋಗಿಬಂದ ರೆಗ್ಯುಲೇಟರುಗಳು ಈ ವರ್ಗದವರ ಮನೆಗಳಲ್ಲಿ ಸಿಗುತ್ತವೆ.

ಕೊನೆಗೂ ಸಮುದ್ರಕ್ಕೆ ಹೊರಟವನು ಮುಂಜಾನೆ ಎರಡು ಬನ್ಸ್ ತಿಂದು ದೋಣಿ ಹತ್ತುತ್ತಾನೆ. ಈತನು ಆರಿಸಿದ್ದು ಡಿನ್, ಅಂದರೆ ಸಿಲಿಂಡರಿನ ಬಾಯೊಳಕ್ಕೆ ತಿರುಪಿ ಕೂರಿಸುವ ಜರ್ಮನ್ ಪದ್ಧತಿಯದು. ದೋಣಿಯ ಸಿಲಿಂಡರುಗಳೋ ಹೊರಗಿನಿಂದ ಹಿಡಿಕೆ ಹಾಕಿ ಬಿಗಿಯುವ ಯೋಕ್ ಪದ್ಧತಿಯವು. ಇದನ್ನು ಮುಂಗಂಡೇ ಈತನು ತಂದ ಅಡಾಪ್ಟರು, ಫಸ್ಟ್ ಸ್ಟೇಜನ್ನು ಕೆಲವು ಸೆಂಟಿಮೀಟರ್ ಹೊರಕ್ಕೆ ತಳ್ಳಿದ್ದರಿಂದ, ತಲೆ ಎತ್ತಿದಾಗಲೆಲ್ಲ ಅದು ಹಿಂದಲೆಗೆ ಕುಟ್ಟುತ್ತದೆ. ದ್ವೀಪ ತಲುಪುವಷ್ಟರಲ್ಲಿ ಅಲೆಗಳು ಬನ್ಸನ್ನು ಕದಡಿರುತ್ತವೆ. ನೀರಿನೊಳಗೆ ವಾಂತಿ ಬಂದರೆ ರೆಗ್ಯುಲೇಟರನ್ನು ಬಾಯಿಂದ ತೆಗೆಯದೆ ಅದರ ಮೂಲಕವೇ ಹೊರಹಾಕಿ, ಗುಂಡಿಯೊತ್ತಿ ಗಾಳಿ ಹಾಯಿಸಿ ಸ್ವಚ್ಛಮಾಡಿಕೊಳ್ಳಬೇಕೆಂಬುದು ಡೈವಿಂಗಿನ ಪಾಠಗಳಲ್ಲೊಂದು. ಮೀನುಗಳು ತಕ್ಷಣ ಮುತ್ತಿಕೊಳ್ಳುತ್ತವೆ. ಡೈವಿನಲ್ಲಿ ಈತನಿಗೆ ಅತಿ ಹತ್ತಿರದಿಂದ ಕಾಣುವ ಜೀವಿಗಳು ಅವೇ. ಬಿಟ್ಟ ಉಸಿರು ಹೋಗುವ ಆ ತೆಳು ಕವಾಟದ ಅಗಲಕ್ಕೆ ಪಟ್ಟಿಯಲ್ಲಿ ಕಾಲಮ್ಮು ಇರಲಿಲ್ಲವೆಂಬುದು ಆಗ ಹೊಳೆಯುತ್ತದೆ.

ದಡಕ್ಕೆ ಮರಳಿ, ಈತನು ಬಟ್ಟೆ ಬದಲಿಸಿ ಬರುವಷ್ಟರಲ್ಲಿ, ಕೆಲಸದ ಹುಡುಗನು ದೋಣಿಯ ರೆಗ್ಯುಲೇಟರುಗಳನ್ನೆಲ್ಲ ಕಟ್ಟಾಗಿ ಎತ್ತಿ ಸಿಹಿನೀರಿನ ನೀಲಿ ಡ್ರಮ್ಮಿಗೆ ಅದ್ದಿರುತ್ತಾನೆ. ಉಪ್ಪು ಬಿಡಿಸಲು ಇದು ಎಲ್ಲೆಡೆಯೂ ನಡೆಯುವ ಕ್ರಮ. ನೀರು ಬೆಳಗಿನದೇ ಆಗಿರುತ್ತದೆ. ಯಾರ್ಯಾರೋ ಕಚ್ಚಿದ ಹಲವು ಮೌತ್‌ಪೀಸುಗಳ ನಡುವೆ ಸಿಂಗಾಪುರದ್ದೂ ತೇಲುತ್ತಿರುವುದನ್ನು ಕಂಡು ಈತನು ಬಾಗಿ ಕೈ ಹಾಕುತ್ತಿದ್ದಂತೆ, ಹುಡುಗನು ತಡೆದು, “ಬಿಡಿ ಸರ್, ಇನ್ನೂ ಸ್ವಲ್ಪ ನೆನೀಲಿ, ನಿಮ್ಮದರಲ್ಲಿ ಬನ್ಸ್ ಸಿಕ್ಕಿಹಾಕಿಕೊಂಡಿದೆ” ಎನ್ನುತ್ತಾನೆ.