ದೂರ-ವೇಗ-ಕಾಲ: ಬಳಸುವ ಕ್ರಮ

ಈ ಉಪಕರಣ ಕೊಂಡಿದ್ದಕ್ಕೆ ಅಭಿನಂದನೆ. ಡಬ್ಬಿಯಲ್ಲಿ ದೂರ, ವೇಗ, ಕಾಲ ಎಂಬ ಮೂರು ಬಿಡಿಭಾಗಗಳಿರಬೇಕು; ಬಿಚ್ಚಿದರೆ ಎರಡೇ ಸಿಗುತ್ತವೆ. ಅಂಗಡಿಗೆ ಓಡಬೇಡಿ. ಮೂರನೆಯದನ್ನು ಮಾಡಿಕೊಳ್ಳುವುದು ನಿಮ್ಮ ಕೆಲಸ. ಇಲ್ಲದ್ದು ದೂರವಾದರೆ ಉಳಿದೆರಡನ್ನು ಗುಣಿಸಿ. ಬೇರೆಯದಾದರೆ ದೂರವನ್ನು ಕೈಯಲ್ಲಿರುವುದರಿಂದ ಭಾಗಿಸಿ.

ಜೋಡಿಸುವ ಮುನ್ನ ಅಳತೆಗಳನ್ನು ಹೊಂದಿಸಿ. 20 ನಿಮಿಷವೆಂದರೆ 0.20 ಗಂಟೆಯಲ್ಲ, ಗಂಟೆಯ ಮೂರನೇ ಒಂದು ಪಾಲು. ಕಿ.ಮೀ.-ಗಂಟೆಯ ವೇಗವನ್ನು ಮೀಟರ್-ಸೆಕೆಂಡಿಗೆ ಇಳಿಸಲು 5/18ರಿಂದ ಗುಣಿಸಿ. 72 ಇದ್ದದ್ದು 20 ಆಗುತ್ತದೆ. ಈ ವೇಗದ 150 ಮೀಟರ್ ರೈಲು 250 ಮೀಟರ್ ಸೇತುವೆ ದಾಟಲು 20 ಸೆಕೆಂಡ್ ಬೇಕು. ರೈಲಿನ ಉದ್ದ ಕೂಡಿಸಲು ಮರೆತರೆ ಎಂಜಿನ್ ಆಚೆ ದಡದಲ್ಲಿ, ಗಾರ್ಡ್ ಇನ್ನೂ ನೀರಿನ ಮೇಲೆ.

ಈಗ ಓಡಿಸಿ ನೋಡಿ. ಬೆಂಗಳೂರು-ಮೈಸೂರು ರೈಲುದಾರಿ ಸುಮಾರು 138 ಕಿ.ಮೀ. ಒಂದೇ ಗಳಿಗೆಗೆ ಬೆಂಗಳೂರಿನಿಂದ ಗಂಟೆಗೆ 50ರಂತೆ ಒಂದು, ಮೈಸೂರಿನಿಂದ 42ರಂತೆ ಇನ್ನೊಂದು ರೈಲು ಬಿಡಿ. ಎದುರುಬದುರಾದ್ದರಿಂದ ವೇಗಗಳನ್ನು ಕೂಡಿಸಿ ಭಾಗಿಸಿದರೆ ಒಂದೂವರೆ ಗಂಟೆ. ಭೇಟಿ ಬೆಂಗಳೂರಿನಿಂದ 75 ಕಿ.ಮೀ. ದೂರದಲ್ಲಿ, ಮದ್ದೂರಿನ ಆಸುಪಾಸು. ವಡೆಗೆಂದು ಇಳಿಯಕೂಡದು, ಲೆಕ್ಕದ ರೈಲಿಗೆ ನಿಲ್ದಾಣಗಳಿಲ್ಲ. ಒಂದು ಇನ್ನೊಂದನ್ನು ಬೆನ್ನಟ್ಟುತ್ತಿದ್ದರೆ ವೇಗಗಳನ್ನು ಕಳೆಯಿರಿ. ಈ ಎರಡೂ ಸೂತ್ರಗಳನ್ನು ಆರ್ಯಭಟ 499ರಲ್ಲೇ ಕೊಟ್ಟಿದ್ದಾನೆ. ಇದುವರೆಗೆ ರಿಪೇರಿಗೆ ಬಂದಿಲ್ಲ.

ಎಚ್ಚರಿಕೆ: ಹೋಗುವಾಗ 40, ಬರುವಾಗ 60, ಸರಾಸರಿ 50 ಎಂದು ನೆರೆಮನೆ ಹುಡುಗ ಹೇಳುತ್ತಾನೆ. ಅವನ ಅಪ್ಪನೂ ಹೇಳುತ್ತಾನೆ. 120 ಕಿ.ಮೀ. ದಾರಿ ಇಟ್ಟುಕೊಳ್ಳಿ. ಹೋಗಲು 3 ಗಂಟೆ, ಬರಲು 2; ಒಟ್ಟು 240 ಕಿ.ಮೀ.ಗೆ 5 ಗಂಟೆ, ಅಂದರೆ 48. ನಿಧಾನದ ಪಾಲಿಗೆ ಹೆಚ್ಚು ಹೊತ್ತು ಹೋಗಿರುತ್ತದೆ, ಅದಕ್ಕೇ. ಇದೇ ದಾರಿಯಲ್ಲಿ ಹೋಗುವಾಗ 24ರಲ್ಲಿ ತೆವಳಿ, ಬರುವಾಗ ಒತ್ತಿ ಓಡಿಸಿ ಸರಾಸರಿ 48 ಮಾಡಿಬಿಡುತ್ತೇನೆಂದರೆ ಆಗದು: ಹೋಗುವುದರಲ್ಲೇ 5 ಗಂಟೆ ಖರ್ಚಾಗಿ, ಬರಲು ಉಳಿದದ್ದು ಸೊನ್ನೆ. ಬಾಡಿಗೆ ಕಾರಿನ ಚಾಲಕರಿಗೆ ಇದನ್ನು ವಿವರಿಸಲು ಹೋಗಬೇಡಿ, ಅವರು ಇನ್ನಷ್ಟು ಒತ್ತುತ್ತಾರೆ.

"ಇನ್ನೈದೇ ನಿಮಿಷ, ಸಿಲ್ಕ್ ಬೋರ್ಡ್ ಹತ್ರ ಇದ್ದೀನಿ" ಎಂದು ಊಟಕ್ಕೆ ಬರಬೇಕಾದವರ ಫೋನ್ ಬಂದರೆ ಆ ಐದು ನಿಮಿಷವನ್ನು ಉಪಕರಣಕ್ಕೆ ಹಾಕಬೇಡಿ, ಕೆಟ್ಟುಹೋಗುತ್ತದೆ. ಎದುರಿಗೆ ಏನು ಕಾಣುತ್ತಿದೆ ಎಂದು ಕೇಳಿ. ಹತ್ತು ನಿಮಿಷ ಬಿಟ್ಟು ಮತ್ತೆ ಕೇಳಿ. ಎರಡು ಜಾಗಗಳ ನಡುವಿನ ದೂರವನ್ನು ಹತ್ತು ನಿಮಿಷದಿಂದ ಭಾಗಿಸಿದರೆ ವೇಗ ಸಿಕ್ಕಿತು. ಉಳಿದ ದಾರಿಯನ್ನು ಅದರಿಂದ ಭಾಗಿಸಿ. ಎರಡು ಸಲವೂ ಅದೇ ಫ್ಲೈಓವರ್ ಕಂಬ ಕಾಣುತ್ತಿದ್ದರೆ ವೇಗ ಸೊನ್ನೆ. ಸೊನ್ನೆಯಿಂದ ಭಾಗಿಸುವುದು ನಿಷಿದ್ಧ. ಬಡಿಸಿಕೊಂಡು ಊಟ ಮುಗಿಸಿ.