ಯಾವ ಕಲ್ಲು ಸ್ವಾಮೀ?

ಕೋಲಾರದವನು ಎಂದರೆ ಬೆಂಗಳೂರಿನ ಜನ ಮೊದಲು ಚಿನ್ನದ ಮಾತೆತ್ತುತ್ತಾರೆ. ಆಮೇಲೆ ಮಾವು. ಮೂರನೆಯದಾಗಿ, ಕೊಂಚ ಕನಿಕರದಿಂದ, ‘ನೀರಿಗೆ ಏನು ಮಾಡ್ತೀರಿ?’ ಚಿನ್ನದ ಗಣಿಗೆ 2001ರ ಫೆಬ್ರವರಿ 28ರಂದು ಬೀಗ ಬಿತ್ತು. ಮಾವು ಒಂದು ವರ್ಷ ಸುರಿದರೆ ಮತ್ತೊಂದು ವರ್ಷ ಮುನಿಸಿಕೊಳ್ಳುತ್ತದೆ. ಇನ್ನು ನೀರು. ಬೆಂಗಳೂರಿನವರು ಬಳಸಿ ಬಿಟ್ಟದ್ದನ್ನೇ ಸಂಸ್ಕರಿಸಿ 2018ರಿಂದ ನಮ್ಮ ಕೆರೆಗಳಿಗೆ ಹರಿಸುತ್ತಿದ್ದಾರೆ. ಅಂದಮೇಲೆ ಆ ಪ್ರಶ್ನೆಯ ಉತ್ತರ ಕೇಳಿದವರ ಬಚ್ಚಲಲ್ಲೇ ಇದೆ. ಯಾರೂ ಕೇಳದ ನಾಲ್ಕನೆಯದೊಂದು ಐಶ್ವರ್ಯ ನಮಗಿದೆ. ಅದು ಕಲ್ಲು.

ಅಂತರಗಂಗೆ ಬೆಟ್ಟ ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದರ ಮೇಲೊಂದು ಕೂತ ಬಂಡೆಗಳು ಇವತ್ತೋ ನಾಳೆಯೋ ಉರುಳುವಂತೆ ಕಾಣುತ್ತವೆ. ನಮ್ಮ ತಾತನ ಕಾಲದಲ್ಲೂ ಹಾಗೇ ಕಾಣುತ್ತಿದ್ದವಂತೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಚಿನ್ನವನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ಕೋಲಾರದ ಶಿಲಾಪಟ್ಟಿಗೆ ಸುಮಾರು 270 ಕೋಟಿ ವರ್ಷ. ‘ನಮ್ಮದು ಈ ಊರಿನ ಹಳೇ ಮನೆತನ’ ಎಂದು ಮದುವೆ ಮನೆಗಳಲ್ಲಿ ಎದೆಯುಬ್ಬಿಸುವ ನಮ್ಮ ನೆಂಟರೊಬ್ಬರಿಗೆ ಈ ಅಂಕಿ ಹೇಳಿದೆ. ‘ಅದು ಕಲ್ಲು ಬಿಡಪ್ಪ, ಅದಕ್ಕೇನು ಗೋತ್ರ ಇದೆಯಾ?’ ಅಂದರು.

ಗೋತ್ರವಿಲ್ಲದಿದ್ದರೂ ಕಲ್ಲಿಗೆ ಜಾತಕ ಉಂಟು. ಅದನ್ನು ಓದಬಲ್ಲವರು ಇರುವುದು ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ. ಗಂಗರ ಕಾಲದಿಂದಲೂ ಇಲ್ಲಿ ಉಳಿಯ ಸದ್ದು ನಿಂತಿಲ್ಲ ಎಂದು ಊರಿನವರು ಹೇಳುತ್ತಾರೆ. ಇವತ್ತಂತೂ ಆ ಸದ್ದಿನ ಜೊತೆಗೆ ಕಟಿಂಗ್ ಮೆಷಿನ್ನಿನ ಅರಚಾಟವೂ ಸೇರಿ, ಊರು ಕಣ್ಣಿಗೆ ಬೀಳುವ ಮೊದಲೇ ಕಿವಿಗೆ ಬೀಳುತ್ತದೆ. ಮನೆಗಳ ಮುಂದೆ, ಚಪ್ಪರಗಳ ಕೆಳಗೆ ಗಣಪತಿ, ವೆಂಕಟರಮಣ, ಸಾಯಿಬಾಬಾ, ನವಗ್ರಹಗಳ ಪೂರ್ತಿ ಸೆಟ್ಟು, ಒಬ್ಬಳೇ ನಿಂತ ಸರಸ್ವತಿ. ಅರ್ಧ ಕೆತ್ತಿದ ದ್ವಾರಪಾಲಕನ ಮೇಲೆತ್ತಿದ ಕೈಗೆ ಯಾರೋ ಅಂಗಿ ಕಳಚಿ ನೇತುಹಾಕಿದ್ದರು; ಪಕ್ಕದ ಬಸವನ ಬೆನ್ನ ಮೇಲೆ ಟೀ ಲೋಟ. ಪ್ರತಿಷ್ಠೆಯಾದ ಮೇಲೆ ಇದೇ ಬಸವನ ಹತ್ತಿರ ಸುಳಿಯಬೇಕಾದರೆ ಮಡಿಯುಟ್ಟಿರಬೇಕು.

‘ಇದು ಯಾವ ದೇವರಣ್ಣಾ?’ ಅಂತ ಒಬ್ಬರನ್ನು ಕೇಳಿದೆ. ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ ಅವರು ತಲೆ ಎತ್ತದೆಯೇ ಹೇಳಿದರು: ‘ಇನ್ನೂ ಕಲ್ಲೇ ಸ್ವಾಮೀ. ಮುಂದಿನ ವಾರ ಬನ್ನಿ, ಆಂಜನೇಯ ಆಗಿರ್ತಾನೆ.’

ಸರಿ, ಯಾವ ಕಲ್ಲು? ಆ ಪ್ರಶ್ನೆಗೆ ಅವರು ಸುತ್ತಿಗೆ ಕೆಳಗಿಟ್ಟರು. ದೇವರನ್ನು ಕೇಳುವವರು, ರೇಟು ಕೇಳುವವರು ದಿನಾ ಬರುತ್ತಾರೆ; ಕಲ್ಲನ್ನು ಕೇಳುವವರು ಅಪರೂಪವಂತೆ. ಅಲ್ಲಿಂದ ಶುರುವಾಯಿತು ಪಾಠ. ವಿಗ್ರಹಕ್ಕೆ ಒಗ್ಗುವ ಕೃಷ್ಣಶಿಲೆ ಹೆಗ್ಗಡದೇವನಕೋಟೆಯ ಕಡೆಯಿಂದ ಲಾರಿಯಲ್ಲಿ ಬರಬೇಕು. ನಮ್ಮ ಟೇಕಲ್ ಬೆಟ್ಟಗಳ ಗ್ರಾನೈಟು ಕಂಬಕ್ಕೆ, ಚಪ್ಪಡಿಗೆ, ಮೆಟ್ಟಿಲಿಗೆ ಸೈ; ದೇವಿಯ ಮೂಗುತಿ ಕೆತ್ತಲು ಹೋದರೆ ಉಳಿಯ ಮೂತಿಯೇ ಮುರಿಯುತ್ತದೆ. ಹೀಗಾಗಿ ಕಲ್ಲಿನ ಸೀಮೆಗೇ ಹೊರಗಿನಿಂದ ಕಲ್ಲು ಬರುತ್ತದೆ, ಇಲ್ಲಿಯದು ಹೊರಗೆ ಹೋಗುತ್ತದೆ. ಹೊಯ್ಸಳರು ನೆಚ್ಚಿದ ಬಳಪದ ಕಲ್ಲಿನ ಸ್ವಭಾವವೇ ಬೇರೆ. ನೆಲದಿಂದ ಎದ್ದಾಗ ಹೊಸ ಅಳಿಯನ ಹಾಗೆ ಮೆತ್ತಗಿದ್ದು, ಗಾಳಿ ಬಡಿದಂತೆ ಬಡಿದಂತೆ ಗಟ್ಟಿಯಾಗುತ್ತದೆ. ಬೇಲೂರಿನ ಮದನಿಕೆಯರ ಬಳೆ ಕೈಯಲ್ಲಿ ಬಿಡಿಬಿಡಿಯಾಗಿ ನಿಂತಿದ್ದರೆ ಶಿಲ್ಪಿಯ ಬೆರಳಿನ ಜೊತೆಗೆ ಕಲ್ಲಿನ ಈ ಗುಣವನ್ನೂ ಮೆಚ್ಚಬೇಕು.

ಆಮೇಲೆ ಅವರು ಸಣ್ಣ ಸುತ್ತಿಗೆಯಿಂದ ಒಂದು ದಿಮ್ಮಿಯನ್ನು ಅಲ್ಲಲ್ಲಿ ತಟ್ಟಿ, ಕಿವಿಗೊಡುವಂತೆ ನನಗೂ ಸನ್ನೆ ಮಾಡಿದರು. ಗಂಟೆಯ ನಾದ ಬಂದರೆ ಗಂಡುಕಲ್ಲು, ತಾಳದ ದನಿ ಬಂದರೆ ಹೆಣ್ಣುಕಲ್ಲು, ಸದ್ದೇ ಬಾರದ್ದು ನಪುಂಸಕ. ಗಂಡುಕಲ್ಲು ದೇವರಾಗುತ್ತದೆ, ಹೆಣ್ಣುಕಲ್ಲು ದೇವಿಯೋ ಪೀಠವೋ ಆಗುತ್ತದೆ, ಮೂರನೆಯದಕ್ಕೆ ಅಡಿಪಾಯವೇ ಗತಿ. ಶಿಲ್ಪಶಾಸ್ತ್ರದಲ್ಲಿ ಬರೆದದ್ದೂ ಇದೇ. ನನಗೆ ಮೂರು ಕಡೆಯೂ ‘ಟಣ್’ ಅಂತಲೇ ಕೇಳಿಸಿತು. ಆದರೆ ದಿಮ್ಮಿಯ ಒಂದು ಮೂಲೆಗೆ ಬಂದಾಗ ಸದ್ದು ಇದ್ದಕ್ಕಿದ್ದಂತೆ ಬೊದ್ದಾಯಿತು. ಅದು ನನ್ನ ಕಿವಿಗೂ ಗೊತ್ತಾಯಿತು. ‘ಒಳಗೆ ಬಿರುಕಿದೆ. ಮುಖ ಆ ಕಡೆ ಬರಬಾರದು’ ಎಂದು ಅಲ್ಲಿ ಕೆಮ್ಮಣ್ಣಿನಿಂದ ಒಂದು ಗೀಟು ಎಳೆದರು. ತಿಂಗಳುಗಟ್ಟಲೆ ಕೆತ್ತಿ, ಕೊನೆಗೆ ಮೂಗಿನ ಹತ್ತಿರ ಬಿರುಕು ಬಾಯಿಬಿಟ್ಟರೆ ಕೆತ್ತಿದ್ದೆಲ್ಲ ಜಲ್ಲಿಯಾಗುತ್ತದೆ. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ.

ಶಿಲ್ಪಿಗಳ ಹಳೆಯ ಬಳಗವೇ ಸಾಮಗ್ರಿಯ ಲೆಕ್ಕದಲ್ಲಿ ಕಟ್ಟಿದ್ದು. ಪಾಂಚಾಳರೆಂದರೆ ಐದು ಕಸುಬು: ಮನುವಿಗೆ ಕಬ್ಬಿಣ, ಮಯನಿಗೆ ಮರ, ತ್ವಷ್ಟೃವಿಗೆ ತಾಮ್ರ ಕಂಚು, ಶಿಲ್ಪಿಗೆ ಕಲ್ಲು, ವಿಶ್ವಜ್ಞನಿಗೆ ಚಿನ್ನ. ವಿಶ್ವಕರ್ಮನಿಗೆ ಐದು ಮುಖವಂತೆ, ಮುಖಕ್ಕೊಂದು ಕಸುಬು. ನಮ್ಮ ಕಾಲದ ಸಂಘಗಳ ಹಾಗೆ ಇಲ್ಲಿ ಒಬ್ಬರ ಮುಖ ಕಂಡರೆ ಒಬ್ಬರಿಗಾಗದು ಎನ್ನುವಂತಿರಲಿಲ್ಲ. ಕಲ್ಲು ಕುಟಿಗನ ಉಳಿ ಸಂಜೆಯ ಹೊತ್ತಿಗೆ ಮೊಂಡಾದರೆ ಕಮ್ಮಾರನ ಕುಲುಮೆಯಲ್ಲಿ ಕಾಯಿಸಿ, ಬಡಿದು, ನೀರು ಕುಡಿಸಿ ಹದಗೊಳಿಸಬೇಕು. ವಿಗ್ರಹವನ್ನು ಮೆರೆಸುವ ತೇರು ಬಡಗಿಯದು. ಕೊನೆಗೆ ಕಣ್ಣು ಬಿಡಿಸುವ ಹೊತ್ತಿಗೆ ಅಕ್ಕಸಾಲಿಯ ಚಿನ್ನದ ಸೂಜಿ ಬೇಕು. ಈಗ ಕಾರ್ಬೈಡ್ ಮೂತಿಯ ಉಳಿ ಅಂಗಡಿಯಲ್ಲೇ ಸಿಗುವುದರಿಂದ ಕುಲುಮೆಯ ನಂಟು ಸಡಿಲಿದೆ. ಪಂಚಲೋಹದ ಎರಕ ಮಾಡುವವರಿಗೆ ಮಾತ್ರ ಬೆಂಕಿಯನ್ನು ಬಿಟ್ಟರೆ ಗತಿಯಿಲ್ಲ. ಮೇಣದಲ್ಲಿ ಮೂರ್ತಿ ಮಾಡಿ, ಮೇಲೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹರಿಸಿ, ಆ ಟೊಳ್ಳಿಗೆ ಕರಗಿದ ಲೋಹ ಹೊಯ್ಯುವ ಕೆಲಸ ಅದು. ಕಲ್ಲಿನವರು ಬೇಡದ್ದನ್ನು ತೆಗೆಯುತ್ತಾರೆ, ಎರಕದವರು ಬೇಕಾದದ್ದನ್ನು ತುಂಬುತ್ತಾರೆ. ಇಬ್ಬರಲ್ಲಿ ಯಾರು ಹೆಚ್ಚು ಎಂದು ಮಾತ್ರ ಕೇಳಲು ಹೋಗಬೇಡಿ. ನಿಮ್ಮ ಬಸ್ಸು ತಪ್ಪುತ್ತದೆ.

ಸಾಮಗ್ರಿಯಲ್ಲೂ ಮೇಲುಕೀಳಿನ ಗಲಾಟೆ ಹೊಸದಲ್ಲ. ಹನ್ನೊಂದನೆಯ ಶತಮಾನದಲ್ಲಿ ರಾಜೇಂದ್ರ ಚೋಳನ ಅಪ್ಪಣೆಯ ಮೇರೆಗೆ ಅವನ ದಂಡನಾಯಕನೊಬ್ಬ ಕೋಲಾರಮ್ಮನ ಗುಡಿಯ ಇಟ್ಟಿಗೆಯ ಕಟ್ಟಡವನ್ನು ತೆಗೆಸಿ ಕಲ್ಲಿನಲ್ಲಿ ಕಟ್ಟಿಸಿದನೆಂದು ಅಲ್ಲಿಯ ಶಾಸನವೇ ಹೇಳುತ್ತದೆ. ಆಗ ಊರಿನ ಹೆಸರು ಕುವಲಾಲ. ಇಟ್ಟಿಗೆಯನ್ನೂ ಹೆಂಚನ್ನೂ ಸುಟ್ಟು ಹೆಸರು ಮಾಡಿದ ಮಾಲೂರಿನವರು ಈ ಶಾಸನವನ್ನು ಓದಿಲ್ಲದಿರುವುದೇ ಒಳ್ಳೆಯದು. ಕೆರೆಯ ಗೋಡುಮಣ್ಣಿಗೆ ಅವರ ಗೂಡಿನಲ್ಲಿ ಬೆಲೆ ಬಂದದ್ದೂ ನಿಜ, ಅದೇ ಮಣ್ಣು ಚೌತಿಗೆ ಗಣಪನಾಗಿ ಮೂರು ದಿನ ಮೆರೆದು ಮತ್ತೆ ಕೆರೆಗೇ ಹೋಗುವುದೂ ನಿಜ.

ಮರದ ಮಾತಿಗೆ ಬಂದರೆ ಶ್ರೀನಿವಾಸಪುರ ನೆನಪಾಗುತ್ತದೆ, ಆದರೆ ಉಪಯೋಗವಿಲ್ಲ. ಕಣ್ಣು ಹಾಯುವ ತನಕ ಮಾವಿನ ತೋಪು, ಕೆತ್ತುವವನಿಗೆ ಒಂದು ಕೊಂಬೆಯೂ ದಕ್ಕದು. ಮಾವಿನ ಮರಕ್ಕೆ ಬೇಗ ಹುಳು ಹಿಡಿಯುತ್ತದೆ. ವಾಹನಕ್ಕೆ, ಬಾಗಿಲಿಗೆ ತೇಗವೇ ಆಗಬೇಕು. ದೇವರಿಗೆ ಹಣ್ಣು ಕೊಟ್ಟರೆ ಸಾಕು ಎಂದು ಆ ಊರಿನವರು ತೀರ್ಮಾನಿಸಿಬಿಟ್ಟಂತಿದೆ. ಮೇ ತಿಂಗಳಲ್ಲಿ ಆ ತೀರ್ಮಾನವನ್ನು ನಾನೂ ಒಪ್ಪುತ್ತೇನೆ.

ಮುಳಬಾಗಿಲಿಗೆ ಹೋದವರು ದೋಸೆ ತಿಂದು ಹಾಗೇ ವಾಪಸಾಗುವುದು ವಾಡಿಕೆ. ಹತ್ತು ನಿಮಿಷ ಮುಂದಕ್ಕೆ ಹೋದರೆ ಕುರುಡುಮಲೆ. ಹದಿಮೂರು ಅಡಿಗೂ ಎತ್ತರದ ಏಕಶಿಲೆಯ ಗಣಪತಿಯನ್ನು ನೋಡಲು ಜನ ಸೇರುತ್ತಾರೆ. ಹತ್ತಿರದ ಸೋಮೇಶ್ವರನ ಗುಡಿಯಲ್ಲಿ ಅಷ್ಟು ಗದ್ದಲವಿಲ್ಲ. ಅದರ ಅರ್ಧ ಭಾಗವನ್ನು ಜಕಣಾಚಾರಿಯೂ ಉಳಿದರ್ಧವನ್ನು ಮಗ ಡಂಕಣನೂ ಕಟ್ಟಿದರೆಂಬುದು ಊರ ಮಾತು. ಮಗನ ಭಾಗದ ಕೆತ್ತನೆಯೇ ನಯವೆಂದೂ ಜೊತೆಗೆ ಸೇರಿಸುತ್ತಾರೆ. ನನ್ನೊಡನೆ ಬಂದಿದ್ದ ಗೆಳೆಯನಿಗೆ ಕಾಲೇಜು ಓದುವ ಮಗನಿದ್ದಾನೆ. ಗೆಳೆಯ ಎರಡೂ ಕಡೆ ಕಣ್ಣು ಕಿರಿದು ಮಾಡಿ ನೋಡಿ, ‘ಅಪ್ಪನ ಕಡೆಯದೇ ಗಟ್ಟಿಯಾಗಿದೆ’ ಎಂದು ಘೋಷಿಸಿದ.

ತಮಾಷೆಯೆಂದರೆ ಈ ಜಕಣಾಚಾರಿಯ ಹೆಸರು ಹೊಯ್ಸಳರ ಯಾವ ಗುಡಿಯ ಶಾಸನದಲ್ಲೂ ಸಿಕ್ಕಿಲ್ಲ. ಆದರೂ 1964ರಲ್ಲಿ ಅವನ ಮೇಲೊಂದು ಸಿನಿಮಾ ಬಂತು, ಅದೂ ಕನ್ನಡದ ಮೊದಲ ವರ್ಣಚಿತ್ರ. ಜನವರಿ 1ಕ್ಕೆ ಸರ್ಕಾರವೇ ಅವನ ಸಂಸ್ಮರಣೆ ಮಾಡುತ್ತದೆ. ಹೆಸರು ಕೆತ್ತಿ ಹೋದವರ ಪಾಡು ನೋಡಿ: ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಶಿಲ್ಪದ ಪೀಠದಲ್ಲಿ ಇವರ ಹೆಸರು ಇಂದಿಗೂ ಓದಲು ಬರುತ್ತದೆ. ದಾಸೋಜ, ಚಾವಣ ನಿಜವಾದ ಅಪ್ಪ ಮಗ. ಅವರ ಮೇಲೆ ಯಾರೂ ಸಿನಿಮಾ ತೆಗೆಯಲಿಲ್ಲ.

ಶಿವಾರಪಟ್ಟಣಕ್ಕೆ ಮತ್ತೆ ಬರೋಣ. ಈಗ ದೇವರಷ್ಟೇ ಮನುಷ್ಯರ ಬೇಡಿಕೆಯೂ ಇದೆ. ಅಂಬೇಡ್ಕರ್, ಕೆಂಪೇಗೌಡ, ಕೈವಾರದ ತಾತಯ್ಯ, ತೀರಿಹೋದ ತಂದೆ. ದೇವರಿಗಾದರೆ ತಾಳಮಾನದ ಲೆಕ್ಕವಿದೆ. ಮುಖದ ಉದ್ದವನ್ನೇ ಅಳತೆಗೋಲು ಮಾಡಿಕೊಂಡು ನವತಾಳ, ದಶತಾಳ ಎಂದು ಮೈಯನ್ನು ಭಾಗಿಸಿದರೆ ಮುಗಿಯಿತು, ಗಣಪತಿ ಎಂದೂ ಬಂದು ‘ಹೊಟ್ಟೆ ಜಾಸ್ತಿಯಾಯಿತು’ ಎನ್ನುವುದಿಲ್ಲ. ಮನುಷ್ಯರದು ಹಾಗಲ್ಲ. ಒಬ್ಬರು ಮತದಾರರ ಗುರುತಿನ ಚೀಟಿಯ ಫೋಟೋ ತಂದು, ಅದರಲ್ಲಿರುವಂತೆಯೇ ಅಪ್ಪನ ಮೂರ್ತಿ ಬೇಕೆಂದರಂತೆ. ಆ ಫೋಟೋದಲ್ಲಿರುವಂತೆ ಕೆತ್ತಿದರೆ ಮಕ್ಕಳೇ ಗುರುತು ಹಿಡಿಯಲಾರರು. ಇನ್ನೊಬ್ಬರಿಗೆ ಕಲ್ಲಿನ ಕನ್ನಡಕ ಬೇಕಿತ್ತು. ಗಾಜಿನ ಜಾಗದಲ್ಲಿ ಕಲ್ಲು ಬಿಟ್ಟರೆ ಕಣ್ಣು ಕಾಣದು, ತೆಗೆದರೆ ಕಡ್ಡಿ ನಿಲ್ಲದು. ಕೊನೆಗೆ ಅಂಗಡಿಯಿಂದ ನಿಜವಾದ ಫ್ರೇಮು ತಂದು ಕೂರಿಸಿ ಮಾನ ಉಳಿಸಿಕೊಂಡರಂತೆ.

ನಗುವುದರ ನಡುವೆ ಒಂದು ಮಾತು ಹೇಳಲೇಬೇಕು. ಮೆಷಿನ್ನು ಬಂದ ಮೇಲೆ ಕೆಲಸ ಬೇಗ ಮುಗಿಯುತ್ತದೆ, ದೂಳೂ ಅಷ್ಟೇ ಹೆಚ್ಚು ಏಳುತ್ತದೆ. ಉಳಿಯೇಟಿಗೆ ಚಕ್ಕೆ ಹಾರುತ್ತಿತ್ತು. ಗ್ರೈಂಡರಿಗೆ ಹಿಟ್ಟು ಹಾರುತ್ತದೆ, ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಗ್ರಾನೈಟಿನ ದೂಳಿನಲ್ಲಿರುವ ಸಿಲಿಕಾ ಒಳಗೆ ಕೂತರೆ ಮತ್ತೆ ಎದ್ದು ಹೋಗುವುದಿಲ್ಲ. ಅದರಿಂದ ಬರುವ ಕಾಯಿಲೆಗೆ ವಾಸಿಯಾಗುವ ಮದ್ದಿಲ್ಲ. ನಾನು ಕಂಡವರಲ್ಲಿ ಬಹಳ ಮಂದಿಗೆ ಮೂಗಿಗೆ ಕಟ್ಟಿದ ಟವೆಲ್ಲೇ ರಕ್ಷಣೆ. ನೀರು ಚಿಮುಕಿಸುತ್ತ ಕತ್ತರಿಸಿದರೆ ದೂಳು ಅಡಗುತ್ತದೆ, ಒಳ್ಳೆಯ ಮಾಸ್ಕಿಗೆ ವಿಗ್ರಹದ ಬೆಲೆಯಲ್ಲಿ ಒಂದು ಚೂರು ಸಾಕು. ಅದಕ್ಕೆ ದುಡ್ಡು ಕೊಡಲು ಮಾತ್ರ ಯಾವ ಭಕ್ತರೂ ಮುಂದೆ ಬಂದಂತಿಲ್ಲ.

ನಮ್ಮ ಗುಡಿಗಳಲ್ಲಿ ಟ್ಯೂಬ್‌ಲೈಟಿನ ಮೇಲೆ ದಾನಿಯ ಹೆಸರಿದೆ, ಫ್ಯಾನಿನ ರೆಕ್ಕೆಗಳ ಮೇಲೆ ಒಂದೊಂದು ಅಕ್ಷರ ಗಿರಗಿರ ತಿರುಗುತ್ತದೆ, ಮೆಟ್ಟಿಲಿನ ಮೇಲೆ ಕೊಟ್ಟವರ ಹೆಸರನ್ನು ತುಳಿದೇ ಒಳಗೆ ಹೋಗಬೇಕು. ಗರ್ಭಗುಡಿಯ ಮೂರ್ತಿಯನ್ನು ಕಡೆದವರು ಯಾರೆಂದು ಅರ್ಚಕರನ್ನು ಕೇಳಿದರೆ ‘ಯಾರೋ ಶಿವಾರಪಟ್ಟಣದವರು’ ಎನ್ನುವಲ್ಲಿಗೆ ಉತ್ತರ ಮುಗಿಯುತ್ತದೆ. ನಿಮ್ಮೂರಿನ ಗುಡಿಗೆ, ವೃತ್ತಕ್ಕೆ, ಮನೆಯಂಗಳಕ್ಕೆ ಮುಂದೆಂದಾದರೂ ಒಂದು ಮೂರ್ತಿ ಮಾಡಿಸುವವರಿದ್ದರೆ ರೇಟು ಕೇಳುವ ಮೊದಲು ಕಲ್ಲು ಯಾವುದೆಂದು ಕೇಳಿ. ಬಾಕಿ ದುಡ್ಡು ಕೊಟ್ಟು ಲಾರಿಗೆ ಏರಿಸುವ ಮೊದಲು, ಪೀಠದ ಹಿಂಬದಿಯಲ್ಲಾದರೂ ಸರಿ, ಕೆತ್ತಿದವರ ಹೆಸರನ್ನು ಅವರ ಕೈಯಿಂದಲೇ ಕೆತ್ತಿಸಿಕೊಂಡು ಬನ್ನಿ.