ತೊಟ್ಟಿಲಿಗೆ ನಿವೃತ್ತಿ ಯಾವಾಗ?

ಹೊಸದೊಂದು ಬಂದ ಕೂಡಲೇ ಹಳೆಯದಕ್ಕೆ ಎಳ್ಳುನೀರು ಬಿಡುವ ಆತುರ ಕೆಲವರಿಗೆ ಹುಟ್ಟುಗುಣ. ನನ್ನ ಸೋದರಳಿಯ ಆ ಪೈಕಿ. ಬಿಡದಿಯ ವಂಡರ್‌ಲಾಗೆ ಹೋಗಿ, ರಿಕಾಯಿಲ್ ಎಂಬ ರೋಲರ್ ಕೋಸ್ಟರ್‌ನಲ್ಲಿ ತಲೆಕೆಳಗಾಗಿ ಬಂದವನೇ ತೀರ್ಪು ಕೊಟ್ಟುಬಿಟ್ಟ: "ಮಾವ, ಇನ್ನು ಜಾತ್ರೆ ತೊಟ್ಟಿಲಿನ ಕಥೆ ಮುಗೀತು. ಯಾರು ಹತ್ತುತಾರೆ ಅದನ್ನ?" ಅವನು ಹೊಗಳುತ್ತಿದ್ದ ಯಂತ್ರದ ವಿಶೇಷವೇನೆಂದರೆ, ಸುತ್ತು ಹೊಡೆದು ಆಚೆ ತುದಿ ಮುಟ್ಟಿದ ಮೇಲೆ ಬಂದ ದಾರಿಯಲ್ಲೇ ಬೆನ್ನು ಮುಂದಾಗಿ ವಾಪಸಾಗುವುದು. ಹಿಂದಕ್ಕೆ ಹೋಗುವ ಗಾಡಿಯಲ್ಲಿ ಕೂತು ಬಂದವನ ಬಾಯಲ್ಲಿ ಪ್ರಗತಿಯ ಮಾತು!

ಅವನಿಗೆ ಉತ್ತರ ಹುಡುಕುತ್ತ ನಾನು ಷಿಕಾಗೋದವರೆಗೆ ಹೋದೆ. ಪುಸ್ತಕದಲ್ಲಿ, ಆದ್ದರಿಂದ ಖರ್ಚಿಲ್ಲದೆ. 1889ರಲ್ಲಿ ಪ್ಯಾರಿಸ್ಸಿನವರು ಐಫೆಲ್ ಗೋಪುರ ನಿಲ್ಲಿಸಿದ್ದು ಅಮೆರಿಕದವರ ನಿದ್ದೆಗೆಡಿಸಿತ್ತು. 1893ರ ಷಿಕಾಗೋ ಮಹಾಪ್ರದರ್ಶನಕ್ಕೆ ಜಾರ್ಜ್ ಫೆರಿಸ್ ಎಂಬ ಎಂಜಿನಿಯರು 264 ಅಡಿ ಎತ್ತರದ ಚಕ್ರ ಕಟ್ಟಿ ಜವಾಬು ಕೊಟ್ಟ. 36 ಡಬ್ಬಿ, ಒಂದೊಂದರಲ್ಲಿ 60 ಜನ. ಒಟ್ಟು 2,160 ಮಂದಿ, ಅಂದರೆ ಒಂದು ಸಣ್ಣ ಊರನ್ನು ಮಕ್ಕಳುಮರಿ ಸಮೇತ ಎತ್ತಿ ಇಳಿಸಬಹುದಿತ್ತು. ಇಂಥ ಚಕ್ರವನ್ನು 1906ರಲ್ಲಿ ಸಿಡಿಮದ್ದಿಟ್ಟು ಒಡೆದರು. ಇದಕ್ಕಿಂತ ದೊಡ್ಡದು ಪಕ್ಕದಲ್ಲಿ ಬಂದು ನಿಂತದ್ದರಿಂದಲ್ಲ. ಪ್ರದರ್ಶನ ಮುಗಿಯಿತು, ಜನ ಕರಗಿದರು, ಸಾಲ ಮಾತ್ರ ಉಳಿಯಿತು.

ಅದರ ತಮ್ಮನಂಥದ್ದು ವಿಯೆನ್ನಾದಲ್ಲಿದೆ, 1897ರದ್ದು. ಎತ್ತರ ಸುಮಾರು 65 ಮೀಟರ್. 1916ರಲ್ಲಿ ಇದನ್ನೂ ಕೆಡವಲು ಅನುಮತಿ ಸಿಕ್ಕಿತ್ತು, ಆದರೆ ಕೆಡವಲು ದುಡ್ಡಿರಲಿಲ್ಲ. ಬಡತನದಿಂದ ಒಂದು ಒಳ್ಳೆಯ ಕೆಲಸವೂ ಆಗುತ್ತದೆ ಎನ್ನಲು ನನಗೆ ಗೊತ್ತಿರುವ ಗಟ್ಟಿ ಸಾಕ್ಷಿ ಇದೊಂದೇ. ಎರಡನೆಯ ಮಹಾಯುದ್ಧದಲ್ಲಿ ಸುಟ್ಟು ಕರಕಲಾದ ಮೇಲೂ, ಮೊದಲಿದ್ದ 30 ಡಬ್ಬಿಗಳ ಜಾಗದಲ್ಲಿ 15 ಕಟ್ಟಿಕೊಂಡು ಅದು ಮತ್ತೆ ತಿರುಗತೊಡಗಿತು. ಆಮೇಲೆ 2000ದಲ್ಲಿ ಲಂಡನ್ನಿನಲ್ಲಿ 135 ಮೀಟರಿನದು ಬಂತು, 2021ರಲ್ಲಿ ದುಬೈಯಲ್ಲಿ 250 ಮೀಟರಿನದು. ದುಬೈಯದು ಕೆಲವೇ ತಿಂಗಳು ತಿರುಗಿ 2022ರಲ್ಲಿ ನಿಂತಿತು, ಮತ್ತೆ ಜನ ಹತ್ತಿದ್ದು 2024ರ ಕೊನೆಗೆ. ಅಷ್ಟು ಹೊತ್ತೂ ವಿಯೆನ್ನಾದ ಮುದುಕ ತನ್ನ ಪಾಡಿಗೆ ಸುತ್ತುತ್ತಲೇ ಇದ್ದ.

"ಚಕ್ರದ ಮಾತು ಬಿಡಿ ಮಾವ, ರೋಲರ್ ಕೋಸ್ಟರ್ ಲೆಕ್ಕವೇ ಬೇರೆ" ಎಂದ ಅಳಿಯ. ಸರಿ, ಅದನ್ನೂ ನೋಡೋಣ. ಅಮೆರಿಕದ ಒಹಾಯೋದಲ್ಲಿ ಕಿಂಗ್ಸ್ ಐಲ್ಯಾಂಡ್ ಎಂಬ ಪಾರ್ಕಿದೆ. ಅಲ್ಲಿ 1979ರಲ್ಲಿ 'ಬೀಸ್ಟ್' ಎಂಬ ಮರದ ಕೋಸ್ಟರ್ ಶುರುವಾಯಿತು. ಉದ್ದ 7,359 ಅಡಿ. 2000ದಲ್ಲಿ ಅದೇ ಪಾರ್ಕಿನಲ್ಲಿ 'ಸನ್ ಆಫ್ ಬೀಸ್ಟ್' ಹುಟ್ಟಿದ. ಅಪ್ಪನಿಗಿಂತ ಎತ್ತರ, ಅಪ್ಪನಿಗಿಂತ ವೇಗ, ಸಾಲದ್ದಕ್ಕೆ ಮರದ ಕೋಸ್ಟರ್ ಆಗಿದ್ದೂ ಒಂದು ಪೂರ್ತಿ ಲಾಗ ಬೇರೆ. ಹೊಸ ತಲೆಮಾರು ಬಂತು, ಇನ್ನು ಅಪ್ಪ ಜಗುಲಿ ಹಿಡಿದಂತೆಯೇ ಎಂದು ಯಾರಿಗಾದರೂ ಅನ್ನಿಸಬೇಕು. ಆದದ್ದು ಬೇರೆ. 2006ರಲ್ಲಿ ಮಗನ ಸವಾರಿಯಲ್ಲಿ ಜನರಿಗೆ ಗಾಯಗಳಾದವು, ಲಾಗ ತೆಗೆದುಹಾಕಿದರು, 2009ರಲ್ಲಿ ಆಟ ನಿಂತಿತು, 2012ರಲ್ಲಿ ಕಳಚಿದರು. ಅಪ್ಪ ಇಂದಿಗೂ ಕಾಡಿನ ನಡುವೆ ಗಡಗಡ ಎಂದು ಓಡುತ್ತಿದ್ದಾನೆ. ಉದ್ದದಲ್ಲಿ ಮರದ ಕೋಸ್ಟರುಗಳಿಗೆಲ್ಲ ಈಗಲೂ ಅವನೇ ಹಿರಿಯ.

ನ್ಯೂಜೆರ್ಸಿಯ 'ಕಿಂಗ್ಡಾ ಕಾ' 2005ರಲ್ಲಿ 456 ಅಡಿ ಎತ್ತರಕ್ಕೆ ನಿಂತಾಗ ಲೋಕದಲ್ಲಿ ಅದಕ್ಕೆ ಸಮನಿರಲಿಲ್ಲ. 2025ರಲ್ಲಿ ಅದನ್ನೂ ಸಿಡಿಮದ್ದಿಟ್ಟು ಉರುಳಿಸಿದರು. ನ್ಯೂಯಾರ್ಕಿನ ಕೋನಿ ಐಲ್ಯಾಂಡಿನ 'ಸೈಕ್ಲೋನ್' 1927ರದ್ದು, ಎತ್ತರದಲ್ಲಿ ಅದರ ಕಾಲು ಪಾಲೂ ಇಲ್ಲ, ಓಡುತ್ತಿದೆ. ಎತ್ತರವನ್ನೇ ನೆಚ್ಚಿಕೊಂಡವನಿಗೆ ಇನ್ನೊಬ್ಬ ಎತ್ತರದವನು ಬರುವವರೆಗೆ ಮಾತ್ರ ಮರ್ಯಾದೆ. ಸಾಧಾರಣ ಎತ್ತರದವನಿಗೆ ಆ ಭಯವಿಲ್ಲ.

ಹಾಗೆಂದು ಹಳೆಯದೆಲ್ಲ ಗೆದ್ದೇಬಿಟ್ಟಿತು ಎನ್ನುವಂತಿಲ್ಲ. ಫ್ಲಾರಿಡಾದ ಡಿಸ್ನಿಯಲ್ಲಿ 'ಮಿಸ್ಟರ್ ಟೋಡ್' ಎಂಬ ಕಪ್ಪೆರಾಯರ ಸವಾರಿಯೊಂದಿತ್ತು. 1998ರಲ್ಲಿ ಅದನ್ನು ಮುಚ್ಚಿದಾಗ, ಉಳಿಸಿಕೊಡಿ ಎಂದು ಟಿ-ಶರ್ಟ್ ತೊಟ್ಟು ಬಂದ ಅಭಿಮಾನಿಗಳಿಗೂ ತಡೆಯಲಾಗಲಿಲ್ಲ. ಅದರ ಕಟ್ಟಡಕ್ಕೆ ವಿನ್ನಿ ದಿ ಪೂ ಎಂಬ ಕರಡಿಮರಿ ಬಂದು ಕೂತಿತು. ಆದರೆ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಅದೇ ಕಪ್ಪೆರಾಯರು 1955ರಿಂದ ಇದ್ದಾರೆ, ಅಲ್ಲಿಗೂ ಕರಡಿಮರಿ ಬಂದಿದೆ, ಇಬ್ಬರೂ ಬಾಳುತ್ತಿದ್ದಾರೆ. ಕರಡಿಗೆ ಬೇರೆ ಜಾಗ ಕೊಟ್ಟರು, ಅಷ್ಟೇ. ಜಗಳ ಹಳತು ಹೊಸತರದ್ದಲ್ಲ, ಸೈಟಿನದು. ಇದು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾದ ಮಾತಲ್ಲ.

ಇನ್ನೊಂದು ಸಂಗತಿ ಅಳಿಯನ ಕಣ್ಣಿಗೆ ಬೀಳುವಂಥದ್ದಲ್ಲ, ಯಾಕೆಂದರೆ ಅವನು ಯಾವಾಗಲೂ ಕ್ಯೂನಲ್ಲಿರುತ್ತಾನೆ. ದೊಡ್ಡ ಸವಾರಿಯ ಬಾಗಿಲಲ್ಲಿ ಒಂದು ಫಲಕವಿರುತ್ತದೆ: ಹೃದ್ರೋಗಿಗಳು, ಬೀಪಿಯವರು, ಬೆನ್ನುನೋವಿನವರು, ಗರ್ಭಿಣಿಯರು, ಇಷ್ಟು ಎತ್ತರ ಇಲ್ಲದ ಮಕ್ಕಳು ಹತ್ತಬಾರದು. ಸರಾಸರಿ ಕನ್ನಡ ಕುಟುಂಬದಲ್ಲಿ ಈ ಪಟ್ಟಿ ದಾಟಿ ಉಳಿಯುವವರು ಇಬ್ಬರೋ ಮೂವರೋ. ಉಳಿದವರೆಲ್ಲ ಚೀಲ, ಚಪ್ಪಲಿ, ಕನ್ನಡಕ, ಮೊಬೈಲು ಕಾಯುವ ಇಲಾಖೆ. ಈ ಇಲಾಖೆ ಎಷ್ಟು ಹೊತ್ತು ಸುಮ್ಮನೆ ಕೂತೀತು? ಅಜ್ಜಿ ಮೊಮ್ಮಗಳ ಕೈಹಿಡಿದು ಮರದ ಕುದುರೆಯತ್ತ ಹೊರಡುತ್ತಾಳೆ. ಹೊಸ ಸವಾರಿಯ ಕ್ಯೂ ಉದ್ದವಾದಷ್ಟೂ ಹಳೆಯ ಸವಾರಿಗೆ ಗಿರಾಕಿ ಹೆಚ್ಚು. ಹೊಸಬ ಜನರನ್ನು ಗೇಟಿನೊಳಗೆ ಎಳೆದು ತರುತ್ತಾನೆ, ಹಳಬ ಅವರನ್ನು ಸಂಜೆಯವರೆಗೆ ನಿಭಾಯಿಸುತ್ತಾನೆ.

ಜಾತ್ರೆಯಲ್ಲೂ ನಡೆಯುವುದು ಇದೇ. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬೆಯ ಜಾತ್ರೆಯಲ್ಲಾಗಲಿ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಾಗಲಿ, ಕೊಲಂಬಸ್ ದೋಣಿ, ಟೊರಟೊರ, ಬ್ರೇಕ್ ಡ್ಯಾನ್ಸ್ ಎಲ್ಲ ಬಂದವು, ತೊಟ್ಟಿಲು ಹೋಗಲಿಲ್ಲ. ಕೋಸ್ಟರ್‌ನಲ್ಲಿ ಹೆದರಲಿಕ್ಕೂ ಪುರುಸೊತ್ತಿಲ್ಲ, ಕಣ್ಣು ಬಿಡುವಷ್ಟರಲ್ಲಿ ಇಳಿಯಿರಿ ಎನ್ನುತ್ತಾರೆ. ತೊಟ್ಟಿಲಿನ ಹೆದರಿಕೆಗೆ ವಿರಾಮವಿದೆ. ಕೆಳಗಿನ ಡಬ್ಬಿಗೆ ಜನ ಹತ್ತುವ ತನಕ ನಮ್ಮದು ತುತ್ತತುದಿಯಲ್ಲಿ ನಿಲ್ಲುತ್ತದೆ. ಎದುರು ಕೂತ ಭಾವ ಬೇಕೆಂತಲೇ ಅಲ್ಲಾಡಿಸುತ್ತಾನೆ. ಅಕ್ಕ ಕಿರುಚುತ್ತಾಳೆ. ಆ ನಡುವೆಯೇ ಬಳೆ ಅಂಗಡಿ, ಮಿಠಾಯಿ ಅಂಗಡಿ, ದೂರದ ನಮ್ಮ ಓಣಿ ಎಲ್ಲವನ್ನೂ ಬೆರಳು ಮಾಡಿ ತೋರಿಸಬಹುದು. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಣಿ ಕಾಣುವುದಿಲ್ಲ.

ಅಳಿಯನ ಮಾತಿನಲ್ಲೂ ಒಂದಂಶ ಸತ್ಯವಿದೆ. ಹಳೆಯದೆಂಬ ಅಭಿಮಾನಕ್ಕೆ ತುಕ್ಕು ಹಿಡಿದ ಕಬ್ಬಿಣವನ್ನು ನಂಬಬಾರದು. ಮೆಲ್ಬರ್ನಿನ ಲೂನಾ ಪಾರ್ಕಿನಲ್ಲಿ 1912ರಿಂದ ಓಡುತ್ತಿರುವ ಮರದ ಗಾಡಿಯ ನಡುವೆ ಇಂದಿಗೂ ಒಬ್ಬ ಬ್ರೇಕ್ ಹಿಡಿದು ನಿಂತೇ ಸಾಗುತ್ತಾನೆ. ನೂರು ವರ್ಷ ಬಾಳಿದ ಸವಾರಿಗಳು ಬಾಳಿದ್ದು ಇಂಥ ಕಾವಲಿನಿಂದ, ಸವೆದ ಹಲಗೆ ಬದಲಿಸುವ ಕೈಗಳಿಂದ. ಆದ್ದರಿಂದ ಜಾತ್ರೆಗೆ ಪರವಾನಗಿ ಕೊಡುವವರಲ್ಲಿ ನನ್ನದೊಂದು ವಿನಂತಿ: ತೊಟ್ಟಿಲು ಎಷ್ಟು ಹಳೆಯದಾದರೂ ಇರಲಿ, ಬೋಲ್ಟು ಮಾತ್ರ ಹೊಸದಿರಲಿ.